ಅರ್ಧಕ್ಕೆ ನಿಂತ ಚಿತ್ರ

ಆ ಸಂಜೆ ಪಿರಿಯಾಪಟ್ಟಣದ ಛತ್ರದಲ್ಲಿ ಮದುಮಗಳ ತಾಯಿ ವೇದಿಕೆ ಹತ್ತಿದಳೋ ಇಲ್ಲವೋ, ನಾನು ಖಚಿತವಾಗಿ ಹೇಳಲಾರೆ. ಹತ್ತಿದ್ದನ್ನು ಕಣ್ಣಾರೆ ಕಂಡ ನೆನಪಿದೆ. ಅದೇ ಹೊತ್ತಿನಲ್ಲಿ ನಾನು ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಗುಂಡಿ ಒತ್ತಿ ಹಿಡಿದಿದ್ದ ನೆನಪೂ ಇದೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಮೇಜಿನ ಕೆಳಗಿರುವವನಿಗೆ ವೇದಿಕೆ ಕಾಣುವುದಿಲ್ಲ.

ನೆನಪಿನ ಬಗ್ಗೆ ನನಗೆ ಮೊದಲಿಂದಲೂ ಗೌರವ ಕಡಿಮೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಕಲಿತ ಮೊದಲ ಪಾಠವೇ ಅದು. ಮೀಟರು ತೋರಿಸಿದ್ದನ್ನು ಆಗಲೇ ಬರೆದುಕೊಳ್ಳಬೇಕು. ಹಾಸ್ಟೆಲಿಗೆ ಹೋಗಿ ನೆನಪಿನಿಂದ ಬರೆದರೆ ಎಲ್ಲ ಬಿಂದುಗಳೂ ಬಂದು ಸರಳರೇಖೆಯ ಮೇಲೆ ಕೂತುಬಿಡುತ್ತವೆ. ಆ ಸಂಜೆಯದನ್ನು ನಾನು ಆಗ ಬರೆದಿಟ್ಟುಕೊಳ್ಳಲಿಲ್ಲ. ಆದ್ದರಿಂದ ಇಲ್ಲಿ ಯಾವುದಾದರೂ ತೀರಾ ಅಚ್ಚುಕಟ್ಟಾಗಿ ಬಂದಿದ್ದರೆ ಅದನ್ನು ಓದುವವರು ಅನುಮಾನದಿಂದಲೇ ನೋಡಬೇಕು. ನಾನು ಹಾಗೇ ನೋಡುತ್ತೇನೆ.

ಎರಡು ಸಾವಿರದ ಆಚೀಚಿನ ವರ್ಷಗಳು ಅವು. ಕಟ್ಟೆಮಳಲವಾಡಿಯಿಂದ ಬಸ್ಸಿನಲ್ಲಿ ಬಂದು ಹುಣಸೂರಿನ ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಪಾಠ ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು. ಆಮೇಲೆ ಮನೆಗೆ ಹೋಗಲು ಮನಸ್ಸಿಲ್ಲ, ಒಂದು ಕಡೆ ಕೂರಲು ಮೈ ಒಪ್ಪುವುದಿಲ್ಲ. ಬಸ್ ನಿಲ್ದಾಣದ ಹತ್ತಿರ ಮದುವೆ ಮುಂಜಿಗಳಿಗೆ ವಿಡಿಯೋ ತೆಗೆದು ಲೈಟು ಹಾಕುವ ಅಂಗಡಿಯೊಂದಿತ್ತು. ಅಲ್ಲಿ ಕೆಟ್ಟ ಟಿವಿ ರಿಪೇರಿ ಮಾಡಿಕೊಡುವ ನೆಪದಲ್ಲಿ ಹೋಗಿ ಕೂರುತ್ತಿದ್ದೆ. ಅಂಗಡಿಯ ಯಜಮಾನ ನನಗಿಂತ ದೊಡ್ಡವನು, ಕ್ಯಾಮೆರಾವನ್ನು ತಾನೇ ಹಿಡಿಯುವವನು. ನನ್ನ ಹೆಸರು ಕರೆದದ್ದೇ ಇಲ್ಲ. ‘ಸೈಂಟಿಸ್ಟು’ ಎನ್ನುತ್ತಿದ್ದ. ಹೊಗಳಿಕೆ ಅಲ್ಲ ಅದು.

ಆಗೆಲ್ಲ ಲೈಟಿನವನು ಒಂದು ಮರದ ಹಲಗೆಗೆ ಸ್ವಿಚ್ಚುಗಳನ್ನು ಸಾಲಾಗಿ ಹೊಡೆದುಕೊಂಡು ಎರಡೂ ಕೈಯಲ್ಲಿ ಆಡಿಸುತ್ತಿದ್ದ. ಕ್ಯಾಮೆರಾದ ಚಿತ್ರ ಬೇರೆ ತಂತಿಯಲ್ಲಿ ಬಂದು ಮೂಲೆಯ ಟಿವಿಗಳಲ್ಲಿ ಕಾಣಿಸುತ್ತಿತ್ತು. ಲೈಟಿಗೂ ಚಿತ್ರಕ್ಕೂ ಸಂಬಂಧವಿರಲಿಲ್ಲ. ಒಂದು ದಿನ ಹೇಳಿದೆ:

“ಅಣ್ಣ, ಇದ್ನೆಲ್ಲ ಕಂಪ್ಯೂಟ್ರಿಂದ ಮಾಡ್ಬೋದು.”

“ಏನ್ ಮಾಡ್ತದ್ಲಾ ನಿನ್ ಕಂಪ್ಯೂಟ್ರು? ಊಟ ಆದ್ಮೇಲೆ ಎಲೆ ಎತ್ತುತ್ತಾ?”

“ಒಂದೇ ಕೀಲಿ ಒತ್ತಿದ್ರೆ ಲೈಟು, ಪಿಚ್ಚರು ಎರಡೂ ಬದಲಾಗ್ತವೆ.”

“ಮಾಡು, ನೋಡಮ. ಸುಟ್ಟೋದ್ರೆ ನಿನ್ ಮದ್ವೆಗೆ ಸೀಮೆಣ್ಣೆ ಬುಡ್ಡಿ ಕಟ್ತೀನಿ.”

ಹಾಗೆ ಶುರುವಾಯಿತು. ಪ್ರಿಂಟರು ಸಿಕ್ಕಿಸಲು ಕಂಪ್ಯೂಟರಿನ ಬೆನ್ನಿಗೆ ಒಂದು ಕಿಂಡಿ ಇರುತ್ತಿತ್ತಲ್ಲ, ಅದರಿಂದ ತಂತಿಗಳನ್ನು ಎಳೆದು ಬೆಳಕನ್ನು ಏರಿಸಿ ಇಳಿಸಲು ನಾನೇ ಬೆಸುಗೆ ಹಾಕಿದ ಡಿಮ್ಮರ್ ಡಬ್ಬಕ್ಕೆ ಸೇರಿಸಿದೆ. ಕ್ಯಾಮೆರಾದ ಚಿತ್ರ ಒಂದು ಟಿವಿ ಕಾರ್ಡಿನ ಮೂಲಕ ಒಳಗೆ ಬರುವಂತೆ ಮಾಡಿದೆ. ಇವೆರಡನ್ನೂ ಆಡಿಸುವ ಪ್ರೋಗ್ರಾಂ ಬರೆಯಲು ಒಂದು ಮಳೆಗಾಲ ಹಿಡಿಯಿತು. ಅದರಲ್ಲಿ ನನಗೆ ಹೆಮ್ಮೆಯಿದ್ದದ್ದು ಒಂದೇ ಭಾಗದ ಬಗ್ಗೆ: ಎದುರಿಗೆ ನಡೆಯುತ್ತಿರುವುದರ ಚಿತ್ರ ಮೆಲ್ಲಗೆ ಕರಗುತ್ತಾ, ಮೊದಲೇ ತುಂಬಿಟ್ಟ ತುಣುಕೊಂದು ಅದರೊಳಗಿಂದಲೇ ಮೂಡುವುದು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಎಂದು ಗೊತ್ತಾಗಬಾರದು. ಅಗ್ಗದ ಕಂಪ್ಯೂಟರು ಅಷ್ಟು ಬೇಗ ಲೆಕ್ಕ ಹಾಕಲಾರದೆಂದು ಚಿತ್ರವನ್ನು ಸಣ್ಣದಾಗಿ ಹಿಡಿದು, ಪರದೆಯ ಮೇಲೆ ಹಿಗ್ಗಿಸಿ ತೋರಿಸುತ್ತಿದ್ದೆ. ಹಾಗಾಗಿ ಎಲ್ಲರ ಮುಖವೂ ಸ್ವಲ್ಪ ಮಂಜಿನೊಳಗಿದ್ದಂತೆ ಕಾಣುತ್ತಿತ್ತು.

ಮೊದಲ ಸಲ ಹೊರಗೆ ಒಯ್ದದ್ದು ಎಚ್.ಡಿ. ಕೋಟೆಯಲ್ಲಿ ನಡೆದ ಒಂದು ಆರ್ಕೆಸ್ಟ್ರಾಕ್ಕೆ. ಹಾಡಿನ ನಡುವೆ ಪ್ರೋಗ್ರಾಂ ಸ್ತಬ್ಧವಾಯಿತು. ಕೆಟ್ಟರೆ ಎಲ್ಲ ತಂತಿಯೂ ಸೊನ್ನೆಗೆ ಇಳಿಯಲಿ ಎಂದು ಬರೆದಿದ್ದೆ. ಪುಸ್ತಕದ ಪ್ರಕಾರ ಅದೇ ಕ್ಷೇಮ. ಲೈಟುಗಳೆಲ್ಲ ಆರಿದವು, ಪರದೆ ಕಪ್ಪಾಯಿತು. ಶಿಳ್ಳೆ ಬಿದ್ದವು, ಆಮೇಲೆ ಒಂದು ಚಪ್ಪಲಿ. ವಾಪಸು ಬರುವಾಗ ಟೆಂಪೋದಲ್ಲಿ ಯಜಮಾನ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದ.

“ಲೋ ಸೈಂಟಿಸ್ಟು,” ಎಂದ. “ಆರ್ಕೆಸ್ಟ್ರಾ ಆಗಿದ್ಕೆ ಬರೀ ಚಪ್ಲಿ ಬಂತು ಕಣ್ಲಾ. ಮದ್ವೆ ಮನೇಲಿ ಇಂಗೆ ಕತ್ಲಾದ್ರೆ? ಎಣ್ಣಿನ್ ಕಾಲ್ಗುಣ ಅಂತಾರೆ. ಆ ಎಣ್ಮಗ ಸಾಯಗಂಟ ಅದ್ನ ಕೇಳಿಸ್ಕಬೇಕು. ಕೆಟ್ರೆ ಕೆಡ್ಲಿ, ಕತ್ಲೆ ಮಾತ್ರ ಆಗ್ಬಾರ್ದು. ಅಂಗೆ ಮಾಡು.”

ಹಾಗೇ ಮಾಡಿದೆ. ಪ್ರೋಗ್ರಾಂ ಕೆಟ್ಟರೆ ಯಾವುದೂ ಆರಬಾರದು. ಲೈಟು, ಚಿತ್ರ ಎರಡೂ ಆ ಗಳಿಗೆಯಲ್ಲಿ ಹೇಗಿದ್ದವೋ ಹಾಗೇ ನಿಂತಿರಬೇಕು. ಪುಸ್ತಕದಲ್ಲಿ ಇಲ್ಲದ ಈ ನಿಯಮ ನಮ್ಮ ಕಡೆಯ ಮದುವೆಗಳಿಗೆ ಮಾತ್ರ ಹುಟ್ಟಿದ್ದು.

ಅದಾಗಿ ಸ್ವಲ್ಪ ಕಾಲಕ್ಕೆ ಬೆಟ್ಟದಪುರದ ಬೆಟ್ಟದ ಕೆಳಗಿನ ಒಂದು ಹಳ್ಳಿಯಿಂದ ತಾಯಿ, ಮಗಳು ಅಂಗಡಿಗೆ ಬಂದರು. ಹೊಗೆಸೊಪ್ಪು ಬೆಳೆಯುವ ಮನೆ. ಮಗಳ ಮದುವೆ ಪಿರಿಯಾಪಟ್ಟಣದ ಛತ್ರದಲ್ಲಿ ಗೊತ್ತಾಗಿತ್ತು, ಗಂಡು ಕೆ.ಆರ್. ನಗರದ ಕಡೆಯವನು. ಇದೇ ಛತ್ರದಲ್ಲಿ ಎರಡು ಮೂರು ವರ್ಷದ ಹಿಂದೆ ದೊಡ್ಡ ಮಗಳ ಮದುವೆ ಆಗಿತ್ತು, ಅದರ ವಿಡಿಯೋವನ್ನೂ ನಮ್ಮ ಯಜಮಾನನೇ ತೆಗೆದಿದ್ದ. ಆಗ ಅಪ್ಪ ಇದ್ದ. ಈಗ ಇಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲವಂತೆ.

ಯಜಮಾನ ಇಂಥದ್ದಕ್ಕೆ ಮಾಡುವ ಮಾಮೂಲಿನ ಏರ್ಪಾಡು ಹೇಳಿದ: ಪರದೆಯ ಮೇಲೆ ಫೋಟೊ, ಅದಕ್ಕೊಂದು ಹಾರ, ಪಕ್ಕದಲ್ಲಿ ದೀಪ ಉರಿಯುವ ಚಿತ್ರ.

“ಅದು ಬ್ಯಾಡ ಕಣಪ್ಪ,” ಎಂದಳು ತಾಯಿ. “ಆರ ಆಕಿರೋದ್ನ ಮನೇಲಿ ದಿನಾ ನೋಡ್ತೀನಿ. ಮದ್ವೇಲಿ ಬ್ಯಾಡ. ಓಡಾಡೋ ಅಂಗಿರೋದು ಕೊಡು.”

“ಓಡಾಡೋದು ಇಲ್ಲ ಕಣವ್ವ. ಕೂತಿರೋದು ಒಂದು ಐತೆ.”

ಆಕೆ ನಕ್ಕಳು. “ಕೂತವ್ರಾ? ನನ್ ಕಣ್ಣಿಗಂತೂ ಒಂದಿನ ಕೂತಿದ್ ಕಾಣ್ಲಿಲ್ಲ ಆ ಮನುಸ್ರು. ಅದೇ ಆಯ್ತದೆ ಬುಡು. ಸುತ್ತ ಕಟ್ಟು ಗಿಟ್ಟು, ಹೂವು ಏನೂ ಬ್ಯಾಡ. ಅಂಗೇ ಇರ್ಲಿ.”

ತಾಯಿ ನೀರು ಕುಡಿಯಲು ಒಳಗೆ ಹೋದಾಗ ಮಗಳು ನನ್ನ ಹತ್ತಿರ ಬಂದಳು. ಧ್ವನಿ ತಗ್ಗಿಸಿ, ಬೇಗ ಬೇಗ ಹೇಳಿದಳು:

“ಸಾರ್, ನಮ್ಮವ್ವ ಅವತ್ತು ಸ್ಟೇಜ್ ಮ್ಯಾಕೆ ಬರಕಿಲ್ಲ. ಧಾರೇನ ಚಿಕ್ಕಪ್ಪ ಚಿಕ್ಕವ್ವ ಎರೀತಾರೆ. ಅವ್ವ ಎಲ್ಲೋ ಇಂದೆ ಕಂಬದ ಮರೇಲಿ ಕೂತ್ಕಂಡ್ಬುಡ್ತದೆ. ಅಕ್ಕಪಕ್ಕದೋರು ಏನಂದ್ಕಂಡಾರು ಅಂತ. ನಾನು ಅತ್ತುಕರ್ದು ಕೇಳ್ದೆ, ಆಗಲ್ಲ ಅಂತು. ನೀವು ಒಂದೇ ಒಂದ್ಸಲ ಕ್ಯಾಮ್ರ ಅತ್ಲಾಗೆ ತಿರುಗ್ಸಿ ಸಾರ್. ನಮ್ಮವ್ವ ನನ್ ಮದ್ವೇಲಿ ಇದ್ದಿದ್ನ ಪರದೆ ಮ್ಯಾಲಾದ್ರೂ ನೋಡ್ತೀನಿ.”

ಆಗಲಿ ಎಂದೆ. ಅವಳು ಕೇಳಿದ್ದು ಪರದೆಯನ್ನಲ್ಲ, ತಾಯಿಯನ್ನು. ಅಷ್ಟು ಆಗಲೂ ಗೊತ್ತಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಪರದೆ ಮಾತ್ರ.

ಹಳೆಯ ಟೇಪನ್ನು ಹುಡುಕಿ ತೆಗೆದೆ. ನಮಗೆ ಬೇಕಾದ ತುಣುಕು ಕೆಲವೇ ಕ್ಷಣದ್ದು. ಒಬ್ಬ ಗಂಡಸು ಕಂಬದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾನೆ. ಬಿಳಿ ಅಂಗಿ, ಹೆಗಲ ಮೇಲೆ ಟವಲು. ಯಾರೋ ಕರೆದಂತೆ ಈ ಕಡೆ ತಿರುಗುತ್ತಾನೆ. ಕ್ಯಾಮೆರಾ ಕಂಡು ನಾಚುತ್ತಾನೆ, ನಗುತ್ತಾನೆ, ಟವಲಿನ ತುದಿಯಿಂದ ಬಾಯಿ ಒರೆಸಿಕೊಂಡು ಮತ್ತೆ ಮುಂದಕ್ಕೆ ನೋಡುತ್ತಾನೆ. ಪರದೆಯ ಮೇಲೆ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆಂದು ಕೊನೆಯನ್ನು ಮೊದಲಿಗೆ ಸೇರಿಸಿ ಬಳೆಯಂತೆ ಸುತ್ತುವ ಹಾಗೆ ಮಾಡಲು ಕೂತೆ. ಎಲ್ಲಿ ಬೆಸೆದರೂ ತಲೆ ಒಂದಿಷ್ಟು ಜಿಗಿಯುತ್ತಿತ್ತು. ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಮಧ್ಯಾಹ್ನದಿಂದ ಕೊನೆಯ ಬಸ್ಸಿನ ತನಕ, ದಿನಗಟ್ಟಲೆ ಆ ಮನುಷ್ಯನನ್ನು ತಿರುಗಿಸುತ್ತಾ ಕೂತಿದ್ದೆ. ಕೀಲಿ ಒತ್ತಿದರೆ ತಿರುಗುತ್ತಿದ್ದ. ನಾಚುತ್ತಿದ್ದ. ಬಾಯಿ ಒರೆಸಿಕೊಳ್ಳುತ್ತಿದ್ದ. ಮತ್ತೆ ಒತ್ತಿದರೆ ಮತ್ತೆ ತಿರುಗುತ್ತಿದ್ದ.

ಒಂದು ಮುಖವನ್ನು ಅಷ್ಟು ಸಲ ನೋಡಿದರೆ ಅದು ಕಣ್ಣಿನಲ್ಲಿ ಉಳಿಯುತ್ತದೆ, ಇದರಲ್ಲಿ ವಿಚಿತ್ರವೇನಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹುಣಸೂರಿನ ಬಸ್ ನಿಲ್ದಾಣದಲ್ಲಿ ಬಿಳಿ ಅಂಗಿ, ಟವಲಿನ ಒಬ್ಬ ನನ್ನ ಕಡೆ ತಿರುಗಿದ. ಆ ನಿಲ್ದಾಣದಲ್ಲಿ ಅರ್ಧಕ್ಕರ್ಧ ಜನ ಬಿಳಿ ಅಂಗಿಯವರೇ. ಪಿರಿಯಾಪಟ್ಟಣದಾಚೆಯ ಕೊಪ್ಪದ ಅಂಗಡಿ ಸಾಲಿನಲ್ಲಿ ವೈರು ಕೊಳ್ಳಲು ಹೋದಾಗ ಕನ್ನಡಿಯೊಂದರಲ್ಲಿ ಯಾರೋ ಟವಲಿನಿಂದ ಬಾಯಿ ಒರೆಸಿಕೊಂಡ ಹಾಗಾಯಿತು. ತಿರುಗಿ ನೋಡಲಿಲ್ಲ. ನೋಡಿದ್ದರೆ ಯಾರೋ ಒಬ್ಬ ಇರುತ್ತಿದ್ದ, ಅಷ್ಟಕ್ಕೆ ಮುಗಿಯುತ್ತಿತ್ತು.

ಇದಕ್ಕಿಂತ ಕಾಡುವ ಇನ್ನೊಂದಿದೆ. ಆ ಮನುಷ್ಯನ ದನಿ ನನಗೆ ಗೊತ್ತು. ನಾಚಿಕೊಂಡು ನಗುವಾಗ ಆತ “ಸಾಕು ಬುಡ್ಲಾ” ಎನ್ನುತ್ತಾನೆ. ಸ್ವಲ್ಪ ಒಡಕು ಗಂಟಲು, ಕೊನೆಯಲ್ಲಿ ನಗೆ. ಇವತ್ತಿಗೂ ಕೇಳಿಸುತ್ತದೆ. ಆದರೆ ತುಣುಕನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ನಾನು ಮೊದಲು ಮಾಡಿದ ಕೆಲಸವೇ ಶಬ್ದ ತೆಗೆದುಹಾಕಿದ್ದು. ಆಮೇಲೊಮ್ಮೆ ಅನುಮಾನ ಬಂದು ಮೂಲ ಟೇಪು ಹಾಕಿ ಕೇಳಿದೆ. ಅಲ್ಲಿ ವಾಲಗದ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ತುಟಿ ಅಲುಗುವುದು ನಿಜ. ದನಿ ಎಲ್ಲಿಂದ ಬಂತು?

ಮದುವೆಯ ಹಿಂದಿನ ಸಂಜೆ ಆರತಕ್ಷತೆ. ಯಜಮಾನ ಛತ್ರದೊಳಗೆ ಕಾಲಿಟ್ಟವನೇ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ವೇದಿಕೆಯ ಎಡ ಮೂಲೆಯಲ್ಲಿ ನಿಲ್ಲಿಸಿದ. ಆ ಛತ್ರದಲ್ಲಿ ಅವನು ಯಾವಾಗಲೂ ನಿಲ್ಲಿಸುವುದು ಅಲ್ಲೇ. ಅಲ್ಲಿಂದ ವೇದಿಕೆಯೂ ಸಿಗುತ್ತದೆ, ತಿರುಗಿಸಿದರೆ ಇಡೀ ಸಭೆಯೂ ಸಿಗುತ್ತದೆ. ನನ್ನ ಮೇಜನ್ನು ಜನರ ಕಾಲಿಗೆ ತಂತಿ ಸಿಗದಿರಲೆಂದು ಹಿಂದೆ, ಒಂದು ಕಂಬದ ಪಕ್ಕ ಹಾಕಿದರು. ವೇದಿಕೆಯ ಪಕ್ಕದಲ್ಲಿ ಬಿಳಿ ಬಟ್ಟೆಯ ಪರದೆ, ಅದರೆದುರು ಪ್ರೊಜೆಕ್ಟರು.

ಬರುವವರೆಲ್ಲ ಮೇಜಿನ ಹತ್ತಿರ ಬಗ್ಗಿ ನೋಡಿ ಹೋಗುತ್ತಿದ್ದರು. ಬೀಗರ ಕಡೆಯ ಮುದುಕರೊಬ್ಬರು, “ಮ್ಯಾಚ್ ಬತ್ತದೇನಪ್ಪ ಇದ್ರಲ್ಲಿ?” ಎಂದರು. ಇಲ್ಲ ಎಂದಾಗ, “ಮತ್ಯಾಕಪ್ಪ ಇಷ್ಟು ವೈರು?” ಎಂದು ಊಟಕ್ಕೆ ಹೋದರು.

ಜನ ತುಂಬಿದ ಮೇಲೆ ತಾಯಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಖಾಲಿ ಹಣೆ, ತಿಳಿ ಹಸಿರು ಸೀರೆ, ಸೆರಗು ಎರಡೂ ಭುಜದ ಮೇಲೆ. ಸಭೆಯಲ್ಲಿ ಬೆಳಕು ಕಡಿಮೆ ಇದ್ದದ್ದು ಈ ಮೂಲೆಯಲ್ಲೇ.

“ಇಲ್ ಕೂತ್ರೆ ನಿನಗೇನೂ ತೊಂದ್ರೆ ಇಲ್ವೇನಪ್ಪ?”

“ಇಲ್ಲ ಕಣಮ್ಮ, ಕೂತ್ಕೊಳ್ಳಿ.”

“ದೊಡ್ಡೋಳ್ ಮದ್ವೇಲಿ ಅವ್ರು ಕೂತಿದ್ದು ಇಲ್ಲೇ ಕಣಪ್ಪ. ಇದೇ ಕಂಬ. ಈಗ ನೀನು ಕೂತಿದ್ದೀಯಲ್ಲ, ಅಲ್ಲಿ.”

ಈ ಮಾತನ್ನು ಆಕೆ ಹೇಳಿದಳೆಂದೇ ನಂಬಿದ್ದೇನೆ. ಆಮೇಲೆ ನಡೆದುದಕ್ಕೆ ಹೊಂದಿಕೊಳ್ಳಲೆಂದು ನನ್ನ ತಲೆಯೇ ಇದನ್ನು ಹೊಲಿದು ಸೇರಿಸಿರಬಹುದೆಂಬ ಶಂಕೆಯೂ ಇದೆ.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಬಂದ. ಸತ್ತವನ ತಮ್ಮ, ಈಗ ಮನೆಯ ಹಿರಿಯ, ನಾಳೆ ಧಾರೆ ಎರೆಯುವವನು. ಎತ್ತರದ ಆಳು. ರೇಷ್ಮೆ ಶಲ್ಯ ಹೆಗಲಿನಿಂದ ಜಾರುತ್ತಿತ್ತು, ಅದನ್ನು ಸಿಡುಕಿನಿಂದ ಎಳೆದುಕೊಳ್ಳುತ್ತಿದ್ದ.

“ಅತ್ಗೆ, ಉಂಡ್ಯಾ?”

“ಆಮೇಕೆ ಉಣ್ತೀನಿ ಓಗಪ್ಪ. ಬೀಗ್ರನ್ನ ನೋಡ್ಕೊ.”

“ಇಲ್ಲೇ ಇರವ್ವ. ಅತ್ಲಾಗೆ ಬರ್ಬ್ಯಾಡ. ಬೀಗ್ರ ಕಡೆ ಎಂಗಸ್ರು ಅವ್ರೆ, ಏನಾರ ಒಂದ್ ಅಂದ್ಬುಟ್ರೆ ನನ್ ಕೈಲಿ ತಡಿಯಕಾಗಲ್ಲ.”

ಆಕೆ ತಲೆಯಾಡಿಸಿದಳು. ಅವನು ವೇದಿಕೆಯ ಕಡೆ ಹೋದ. ನನಗೆ ಆ ಮನುಷ್ಯನ ಮೇಲೆ ಆಗಲೇ ಸಿಟ್ಟು ಬಂದಿತ್ತು.

ವೇದಿಕೆಯ ಮೇಲೆ ಹೆಣ್ಣುಗಂಡು ನಿಂತಿದ್ದರು. ಉಡುಗೊರೆ ಕೊಡುವವರ ಸಾಲು ನಡೆದಿತ್ತು. ಮದುಮಗಳು ಕೈ ಮುಗಿಯುತ್ತಾ, ನಗುತ್ತಾ, ನಡುನಡುವೆ ಜನರ ತಲೆಗಳ ಮೇಲಿಂದ ಹಿಂದಕ್ಕೆ ಕಣ್ಣು ಹಾಯಿಸುತ್ತಿದ್ದಳು. ತಾಯಿ ಇರುವ ಮೂಲೆ ಅವಳಿಗೆ ಕಾಣುತ್ತಿರಲಿಲ್ಲ. ನಾನು ಕೈಯೆತ್ತಿ ಯಜಮಾನನಿಗೆ ಸನ್ನೆ ಮಾಡಿದೆ. ಅವನು ಕ್ಯಾಮೆರಾವನ್ನು ಸಭೆಯ ಕಡೆ ತಿರುಗಿಸಿ, ತಲೆಗಳ ಸಾಲುಗಳನ್ನು ದಾಟಿಸಿ, ಕಂಬದ ಹತ್ತಿರ ತಂದು ನಿಲ್ಲಿಸಿದ.

ಪರದೆಯ ಮೇಲೆ ತಾಯಿ ಕಾಣಿಸಿದಳು. ಪಕ್ಕದಲ್ಲಿ ಕಂಪ್ಯೂಟರಿನ ಬೆಳಕು ಮುಖಕ್ಕೆ ಬಿದ್ದು ಕೂತಿರುವ ನಾನು. ಮೊದಲು ಆಕೆಗೆ ತಿಳಿಯಲಿಲ್ಲ. ತಿಳಿದ ಮೇಲೆ, “ಅಯ್ಯೋ, ನನ್ ಯಾಕಪ್ಪ!” ಎಂದು ಸೆರಗನ್ನು ಬಾಯಿಗೆ ಎಳೆದುಕೊಂಡಳು. ವೇದಿಕೆಯ ಮೇಲೆ ಮಗಳು ಉಡುಗೊರೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಪರದೆ ನೋಡುತ್ತಿದ್ದಳು.

ಅಪ್ಪನ ತುಣುಕು ಬರಬೇಕಾದದ್ದು ಇನ್ನೂ ಆಮೇಲೆ. ಚಿಕ್ಕಪ್ಪ ಮೈಕಿನಲ್ಲಿ ಎರಡು ಮಾತಾಡಿದ ನಂತರ ಎಂದು ಗೊತ್ತು ಮಾಡಿದ್ದೆವು. ನಾನು ಕೀಲಿ ಒತ್ತಲಿಲ್ಲ. ಎರಡೂ ಕೈ ನನ್ನ ತೊಡೆಯ ಮೇಲಿದ್ದವು. ಹೀಗೆಂದು ನನ್ನ ನೆನಪು ಹೇಳುತ್ತದೆ; ತಂತಿಯ ಮೇಲೆ ಯಾರೋ ಕಾಲಿಟ್ಟಿರಬಹುದು, ಸನ್ನೆ ಮಾಡಿದ ಕೈ ಕೆಳಗಿಳಿಯುವಾಗ ಕೀಲಿಗೆ ತಾಗಿರಬಹುದು ಎಂದು ನನ್ನ ಓದು ಹೇಳುತ್ತದೆ. ಏನೇ ಆಗಲಿ, ಸಭೆಯ ಲೈಟು ತನ್ನಷ್ಟಕ್ಕೆ ಇಳಿಯತೊಡಗಿತು, ಪರದೆಯ ಚಿತ್ರ ಕರಗತೊಡಗಿತು. ಅದರೊಳಗಿಂದ ಇನ್ನೊಂದು ಮೂಡಿತು. ಅರ್ಧ ಕರಗಿ ಅರ್ಧ ಮೂಡಿದ ಹಂತದಲ್ಲಿ ಪ್ರೋಗ್ರಾಂ ಸ್ತಬ್ಧವಾಯಿತು. ನಾನೇ ಬರೆದ ನಿಯಮದಂತೆ ಯಾವುದೂ ಆರಲಿಲ್ಲ. ಎಲ್ಲ ಇದ್ದ ಹಾಗೇ ನಿಂತಿತು.

ಅದೇ ಛತ್ರ, ಅದೇ ಕ್ಯಾಮೆರಾ ಜಾಗ, ಅದೇ ಕಂಬ. ಎರಡು ಮದುವೆಗಳ ಎರಡು ಚಿತ್ರಗಳಲ್ಲಿ ಕಂಬ ಒಂದರ ಮೇಲೊಂದು ಕೂತುಕೊಂಡಿತ್ತು. ಅದರ ಪಕ್ಕದಲ್ಲಿ ಸೆರಗು ಹಿಡಿದ ತಾಯಿ. ಆಕೆಯ ಮಗ್ಗುಲಲ್ಲಿ, ನಾನು ಕೂತಿದ್ದ ಜಾಗದಲ್ಲಿ, ಬಿಳಿ ಅಂಗಿಯ ಗಂಡಸು ಈ ಕಡೆ ತಿರುಗಿ ನಗಲು ಶುರುಮಾಡಿದ್ದ. ನನ್ನ ಭುಜ ಅವನದಾಗಿತ್ತು. ನನ್ನ ಮುಖದ ಮೇಲೆ ಅವನ ಮುಖವಿತ್ತು. ಹಾರವಿಲ್ಲ, ಕಟ್ಟಿಲ್ಲ, ಇದು ಹಳೆಯ ಚಿತ್ರವೆಂದು ಹೇಳುವ ಯಾವ ಗುರುತೂ ಇರಲಿಲ್ಲ. ಆಕೆಯೇ ಬೇಡವೆಂದಿದ್ದಳು.

ಸಭೆಯಲ್ಲಿ ಮಾತು ನಿಂತಿತು. ಇದು ನಿಜವೇ, ಅಥವಾ ನನಗೆ ಕೇಳಿಸಲಿಲ್ಲವೇ, ತಿಳಿಯದು.

ಆಕೆ ಪರದೆಯನ್ನು ನೋಡಿದಳು. ಆಮೇಲೆ ನಿಧಾನವಾಗಿ ಪಕ್ಕಕ್ಕೆ ತಿರುಗಿ ನನ್ನನ್ನು ನೋಡಿದಳು. ನನ್ನನ್ನು ಎಂದು ಬರೆದೆ, ಅದು ಸರಿಯಲ್ಲ. ಸಂಜೆಯಿಂದ ನನ್ನನ್ನು ನೋಡುತ್ತಿದ್ದ ಕಣ್ಣು ಅದಾಗಿರಲಿಲ್ಲ.

“ಏಳಿ,” ಎಂದಳು. “ಕೂಸು ಕಾಯ್ತಾ ನಿಂತದೆ. ಬನ್ನಿ.”

ಅಲ್ಲಿಯವರೆಗೆ ಆಕೆ ನನ್ನನ್ನು ಮಾತಾಡಿಸಿದ್ದು ‘ನೀನು’ ಎಂದು, ಮಗನನ್ನು ಮಾತಾಡಿಸುವ ಹಾಗೆ. ಏಳಲಿಲ್ಲ. ಏಳಬೇಕಿತ್ತೋ ಏನೋ. ಅಲ್ಲಿ ಕೂತಿರುವುದು ನಾನೇ ಎಂದು ಗೊತ್ತುಮಾಡಿಕೊಳ್ಳುವವನಂತೆ ಕೀಲಿಮಣೆ ಮುಟ್ಟಿ, ಮೇಜಿನ ಕೆಳಗೆ ಬಗ್ಗಿ, ಕಂಪ್ಯೂಟರಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೆ. ಪಕ್ಕದ ಕುರ್ಚಿ ಕರಕರ ಎಂದದ್ದು ಕೇಳಿಸಿತು. ಸೀರೆಯ ಅಂಚು ನನ್ನ ಕಣ್ಣ ಮುಂದೆ ದಾಟಿತು. ಎರಡು ಸಾಲು ಕುರ್ಚಿಗಳ ನಡುವಿನ ದಾರಿಯಲ್ಲಿ ಬರಿಗಾಲು ಮುಂದಕ್ಕೆ ಹೋಯಿತು. ಇಷ್ಟಂತೂ ಮೇಜಿನ ಕೆಳಗಿನಿಂದ ಕಾಣುವಂಥದ್ದೇ.

ಪರದೆ ಬೆಳ್ಳಗಾಯಿತು. ಯಜಮಾನ ಕ್ಯಾಮೆರಾ ಬಿಟ್ಟು ನನ್ನ ಕಡೆ ಓಡಿ ಬಂದ. ಬರುವಾಗ ಅವನ ಕಾಲಿಗೆ ಸಿಕ್ಕಿ ಕ್ಯಾಮೆರಾದ ಕರೆಂಟಿನ ತಂತಿ ಕಿತ್ತುಬಂತು. ಹಾಗಾಗಿ ಆ ಹೊತ್ತಿನದು ಟೇಪಿನಲ್ಲಿಲ್ಲ.

“ಏನ್ಲಾ ಮಾಡ್ದೆ?”

“ನಾನು ಏನೂ ಮಾಡ್ಲಿಲ್ಲ.”

“ಮಾಡ್ದೆ ಇದ್ರೆ ತಾನಾಗೇ ಬಂದ್ನಾ ಅವ್ನು?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಅವನು ಬೇರೆ ಕಡೆ ನೋಡಿದ.

ಕಂಪ್ಯೂಟರು ಮತ್ತೆ ಎದ್ದು ಕೂರುವಷ್ಟರಲ್ಲಿ ವೇದಿಕೆಯ ಸುತ್ತ ಜನ ಒತ್ತಿಕೊಂಡಿದ್ದರು. 

ಅವರ ಬೆನ್ನುಗಳ ನಡುವೆ ತಿಳಿ ಹಸಿರು ಕಂಡೆ. ಆಕೆ ಒಬ್ಬಳೇ ಮೆಟ್ಟಿಲು ಹತ್ತಿ, ಮಗಳ ತಲೆಯ ಮೇಲೆ ಕೈಯಿಟ್ಟದ್ದು ಕಂಡೆ. ಚಿಕ್ಕಪ್ಪ ಅಡ್ಡ ಬಂದದ್ದು, ಆಕೆ ಅವನನ್ನು ಲೆಕ್ಕಿಸದೆ ಹೋದದ್ದು ಕಂಡೆ. ಇದೇ ನನ್ನ ನೆನಪು. ಆದರೆ ಟೆಂಪೋದಲ್ಲಿ ಹುಣಸೂರಿಗೆ ವಾಪಸು ಬರುವಾಗ ಯಜಮಾನ ಬೇರೆಯೇ ಹೇಳಿದ:

“ಸ್ಟೇಜ್ ಎಲ್ ಅತ್ತುದ್ಳು? ಮಧ್ಯಕ್ಕೋಗಿ ತಲೆಸುತ್ತು ಬಂದು ಕೂತ್ಕಂಡ್ಳು. ಎಂಗಸ್ರು ಊಟದ್ ಮನೆಗೆ ಕರ್ಕಂಡೋದ್ರು. ಮೈದ್ನ ಬುಡ್ತಿದ್ನಾ ಅವ್ಳ್ನ ಅಲ್ಲಿಗೆ?”

“ನೀನ್ ನೋಡ್ದಾ ಅಣ್ಣ?”

“ನೋಡ್ದಂಗಾಯ್ತು ಕಣ್ಲಾ. ನಾನೂ ಆ ಪರದೇನೇ ನೋಡ್ತಿದ್ದೆ.”

ಆ ಪ್ರೋಗ್ರಾಮನ್ನು ಆಮೇಲೂ ಒಂದಷ್ಟು ಕಡೆ ಓಡಿಸಿದೆವು. ಅದು ಹಾಗೆ ಮಧ್ಯದಲ್ಲಿ ನಿಲ್ಲಲು ಕಾರಣವೇನೆಂದು ಹುಡುಕಿದೆ. ಅದೇ ತುಣುಕು, ಅದೇ ಕಂಪ್ಯೂಟರು ಇಟ್ಟುಕೊಂಡು ಅಂಗಡಿಯಲ್ಲಿ ಮತ್ತೆ ಮತ್ತೆ ಕರಗಿಸಿದೆ. ಒಂದು ಸಲವೂ ನಿಲ್ಲಲಿಲ್ಲ. ಅಪ್ಪ ಸಲೀಸಾಗಿ ಮೂಡುತ್ತಿದ್ದ, ತಿರುಗುತ್ತಿದ್ದ, ನಗುತ್ತಿದ್ದ. ಕೊನೆಗೊಂದು ದಿನ ತುಣುಕನ್ನು ಅಳಿಸಿಹಾಕಿದೆ. ಅಳಿಸುವ ಮುಂಚೆ ಇನ್ನೊಂದೇ ಸಲ ನೋಡೋಣವೆಂದು ಕೀಲಿಯ ಮೇಲೆ ಬೆರಳಿಟ್ಟು, ಒತ್ತದೆ ತೆಗೆದೆ.

ನಂತರ ಕಾಲೇಜಿನ ಕೆಲಸ ಖಾಯಂ ಆಯಿತು. ಈ ಕಥೆಯನ್ನು ಸ್ನೇಹಿತರಿಗೆ ಹೇಳುತ್ತಾ ಬಂದೆ. ಹೇಳಿದಷ್ಟೂ ಅದು ನಯವಾಗುತ್ತಾ ಹೋಯಿತು. ಚಿಕ್ಕಪ್ಪ ಒಮ್ಮೆ ಕೈ ಅಡ್ಡ ಹಿಡಿದ, ಇನ್ನೊಮ್ಮೆ ಗದರಿದ, ಮತ್ತೊಮ್ಮೆ ತೋಳು ಹಿಡಿದು ಎಳೆದ. ಒಂದು ಸಲ ಹೇಳುತ್ತಿರುವಾಗಲೇ ನನಗೆ ನನ್ನ ಮಾತಿನ ಮೇಲೆ ಜುಗುಪ್ಸೆ ಬಂತು. ಆಕೆ ಮಗಳ ಹತ್ತಿರ ತಲುಪಿದಳೋ ಇಲ್ಲವೋ ಎಂಬುದೇ ಗೊತ್ತಿಲ್ಲದವನು ಉಳಿದದ್ದನ್ನೆಲ್ಲ ಇಷ್ಟು ವಿವರವಾಗಿ ಹೇಗೆ ಬಲ್ಲೆ?

ಪರೀಕ್ಷೆಯ ಕೆಲಸಕ್ಕೆ ಕೆ.ಆರ್. ನಗರಕ್ಕೆ ಹಾಕಿದ ಒಂದು ವರ್ಷ, ಯಜಮಾನನಿಂದ ಗುರುತು ಕೇಳಿಕೊಂಡು ಆ ಹುಡುಗಿಯ ಗಂಡನ ಮನೆಗೆ ಹೋದೆ. ಬಾಗಿಲಲ್ಲಿ ನಿಂತವಳು ಸ್ವಲ್ಪ ಹೊತ್ತು ನೋಡಿ, “ಕಂಪ್ಯೂಟ್ರ್ ಸಾರ್ ಅಲ್ವಾ? ಬನ್ನಿ ಒಳೀಕೆ,” ಎಂದಳು. ಕಾಫಿ ಕೊಟ್ಟಳು. ತಾಯಿ ಹೋದ ವರ್ಷ ತೀರಿಕೊಂಡಳೆಂದು ಹೇಳಿದಳು. ಆ ಸಂಜೆಯ ಬಗ್ಗೆ ಅಮ್ಮ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ.

“ಯಾವತ್ತೂ ಎತ್ಲಿಲ್ಲ ಸಾರ್ ಆ ಮಾತ್ನ. ನಾನೂ ಕೇಳ್ಲಿಲ್ಲ.”

“ನಿಮ್ಮ ತಾಯಿ ಅವತ್ತು ಸ್ಟೇಜ್ ಮೇಲೆ ಬಂದ್ರಾ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ನೀವು ಅಲ್ಲೇ ಇದ್ರಲ್ಲ ಸಾರ್!” ಎಂದು ಎದ್ದು ಒಳಗೆ ಹೋಗಿ ಮದುವೆಯ ಆಲ್ಬಮ್ಮು ತಂದಳು.

ಫೋಟೊ ತೆಗೆದವನು ಗಂಡಿನ ಕಡೆಯವನು, ಕೆ.ಆರ್. ನಗರದವನೇ. ಆ ಫೋಟೊಗಳು ನಮ್ಮ ಅಂಗಡಿಗೆ ಬಂದಿರಲೇ ಇಲ್ಲ. ಅವಳು ಆಲ್ಬಮ್ಮಿನ ಒಂದು ಪುಟ ತೆರೆದು ನನ್ನ ಮಡಿಲಲ್ಲಿಟ್ಟಳು. ಇದು ಮರುದಿನ ಬೆಳಗಿನದಿರಬಹುದೇ ಎಂದು ಮೊದಲು ನೋಡಿಕೊಂಡೆ. ಅಲ್ಲ; ಮದುಮಗಳು ಉಟ್ಟಿರುವುದು ಬಿಳಿಯ ಧಾರೆ ಸೀರೆಯಲ್ಲ, ಆರತಕ್ಷತೆಯ ನೇರಳೆ ಸೀರೆ. ಪರದೆ ಫೋಟೊದ ಅಂಚಿನಿಂದಾಚೆ ಉಳಿದುಬಿಟ್ಟಿದೆ, ಅದರಲ್ಲಿ ಏನಿತ್ತೆಂದು ತಿಳಿಯುವುದಿಲ್ಲ. ತಾಯಿ ವೇದಿಕೆಯ ಕೊನೆಯ ಮೆಟ್ಟಿಲ ಮೇಲಿದ್ದಾಳೆ. ಮಗಳು ಬಗ್ಗಿ ಎರಡೂ ಕೈ ಚಾಚಿದ್ದಾಳೆ. ತಾಯಿಯ ಹಿಂದೆ, ಒಂದು ಮೆಟ್ಟಿಲು ಕೆಳಗೆ, ಶಲ್ಯ ಜಾರಿ ನೆಲಕ್ಕೆ ಬಿದ್ದಿರುವುದನ್ನೂ ಗಮನಿಸದೆ, ಆಕೆಯ ಮೊಣಕೈ ಹಿಡಿದು ಹತ್ತಿಸುತ್ತಿರುವ ಎತ್ತರದ ಗಂಡಸೊಬ್ಬನಿದ್ದಾನೆ. ಯಾರಿದು ಎಂದು ಕೇಳಿ ಖಚಿತ ಮಾಡಿಕೊಂಡೆ. ಅದು ಚಿಕ್ಕಪ್ಪ.